ಮಣಿಕಟ್ಟಿನ ನಡುಕೀಲು

ಮಣಿಕಟ್ಟಿನ ನಡುಕೀಲು ಅಥವಾ ಮಿಡ್‌ಕಾರ್ಪಲ್ ಕೀಲು ಎಂಬುದು ಮಾನವನ ಮಣಿಕಟ್ಟಿನಲ್ಲಿ ಎರಡು ಸಾಲುಗಳಾಗಿ ಜೋಡಣೆಗೊಂಡಿರುವ ಸಣ್ಣ ಮೂಳೆಗಳ ನಡುವಣ ಸೈನೋವಿಯಲ್ ಕೀಲು. ಮಣಿಕಟ್ಟು ಹೊರನೋಟಕ್ಕೆ ಒಂದೇ ಕೀಲಿನಂತೆ ಕಂಡರೂ ಅಲ್ಲಿ ನಡೆಯುವ ಚಲನೆಯು ಮುಖ್ಯವಾಗಿ ಎರಡು ಕೀಲುಗಳಲ್ಲಿ ಹಂಚಿಹೋಗಿದೆ. ಮೊದಲನೆಯದು ಮುಂದೋಳಿನ ರೇಡಿಯಸ್ ಮೂಳೆಗೂ ಮಣಿಕಟ್ಟಿನ ಮೊದಲ ಸಾಲಿನ ಮೂಳೆಗಳಿಗೂ ನಡುವೆ ಇರುವ ರೇಡಿಯೋಕಾರ್ಪಲ್ ಕೀಲು. ಎರಡನೆಯದು ಮೊದಲ ಸಾಲಿಗೂ ಎರಡನೆಯ ಸಾಲಿಗೂ ನಡುವೆ ಇರುವ ಈ ನಡುಕೀಲು. ಕೈಯನ್ನು ಅಂಗೈ ಕಡೆಗೆ ಬಾಗಿಸುವಾಗ, ಹಿಂದಕ್ಕೆ ಮಡಿಸುವಾಗ ಅಥವಾ ಪಕ್ಕಕ್ಕೆ ವಾಲಿಸುವಾಗ ಎರಡೂ ಕೀಲುಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಸುತ್ತಿಗೆಯಿಂದ ಹೊಡೆಯುವುದು, ಕಲ್ಲು ಅಥವಾ ಚೆಂಡನ್ನು ಎಸೆಯುವುದು ಮುಂತಾದ ಕೆಲಸಗಳಲ್ಲಿ ನಡುಕೀಲಿನ ಪಾತ್ರವೇ ಹಿರಿದು.

ಈ ಕೀಲಿನ ಸ್ಥಿರತೆಯು ಸ್ನಾಯುಗಳಿಗಿಂತ ಹೆಚ್ಚಾಗಿ ಮೂಳೆಗಳ ಆಕಾರವನ್ನೂ ಅವುಗಳನ್ನು ಬಿಗಿದಿರುವ ಅಸ್ಥಿರಜ್ಜುಗಳನ್ನೂ ಅವಲಂಬಿಸಿದೆ. ಆದಕಾರಣ ಒಂದು ಚಿಕ್ಕ ಮೂಳೆಯ ಮುರಿತ ಅಥವಾ ಒಂದು ರಜ್ಜುವಿನ ಹರಿಯುವಿಕೆಯು ಗಮನಕ್ಕೆ ಬಾರದೆ ಉಳಿದರೆ ಕೆಲವು ವರ್ಷಗಳಲ್ಲಿ ಇಡೀ ಮಣಿಕಟ್ಟು ಸವೆದುಹೋಗುವ ಸಂಭವವಿದೆ.

ರಚನೆ

ಮೂಳೆಗಳು

ಮಣಿಕಟ್ಟಿನಲ್ಲಿ ಒಟ್ಟು 8 ಮೂಳೆಗಳಿವೆ. ಇವುಗಳ ಅಂತರರಾಷ್ಟ್ರೀಯ ಹೆಸರುಗಳು ಗ್ರೀಕ್ ಮತ್ತು ಲ್ಯಾಟಿನ್ ಮೂಲದವು; ಬಹುಪಾಲು ಹೆಸರುಗಳು ಮೂಳೆಯ ಆಕಾರವನ್ನೇ ಸೂಚಿಸುತ್ತವೆ.

ಮೊದಲ ಸಾಲು (ಮುಂದೋಳಿನ ಕಡೆಯದು, ಹೆಬ್ಬೆರಳಿನ ಪಕ್ಕದಿಂದ ಕಿರುಬೆರಳಿನ ಪಕ್ಕಕ್ಕೆ):
- ಸ್ಕೇಫಾಯ್ಡ್: ದೋಣಿಯಾಕಾರದ್ದು
- ಲೂನೇಟ್: ಅರ್ಧಚಂದ್ರಾಕಾರದ್ದು
- ಟ್ರೈಕ್ವೆಟ್ರಮ್: ಮೂರು ಮೂಲೆಗಳುಳ್ಳದ್ದು
- ಪಿಸಿಫಾರ್ಮ್: ಬಟಾಣಿ ಕಾಳಿನಾಕಾರದ್ದು

ಎರಡನೆಯ ಸಾಲು (ಬೆರಳುಗಳ ಕಡೆಯದು, ಅದೇ ಕ್ರಮದಲ್ಲಿ):
- ಟ್ರೆಪೀಜಿಯಂ: ಹೆಬ್ಬೆರಳಿಗೆ ಆಧಾರವಾದದ್ದು
- ಟ್ರೆಪೀಜಾಯ್ಡ್: ಈ ಸಾಲಿನಲ್ಲಿ ಅತಿ ಚಿಕ್ಕದು
- ಕ್ಯಾಪಿಟೇಟ್: ತಲೆಯುಳ್ಳದ್ದು, ಎಂಟರಲ್ಲಿ ಅತಿ ದೊಡ್ಡದು
- ಹ್ಯಾಮೇಟ್: ಕೊಕ್ಕೆಯುಳ್ಳದ್ದು

ಇವುಗಳಲ್ಲಿ ಪಿಸಿಫಾರ್ಮ್ ಮೂಳೆಯು ನಡುಕೀಲಿನಲ್ಲಿ ಭಾಗವಹಿಸುವುದಿಲ್ಲ. ಅದು ಟ್ರೈಕ್ವೆಟ್ರಮ್‌ನ ಮುಂದೆ, ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್ ಎಂಬ ಸ್ನಾಯುವಿನ ರಜ್ಜುವಿನೊಳಗೆ ನೆಲೆಸಿದೆ. ಹೀಗಾಗಿ ಮೊದಲ ಸಾಲಿನ 3 ಮತ್ತು ಎರಡನೆಯ ಸಾಲಿನ 4, ಒಟ್ಟು 7 ಮೂಳೆಗಳು ಸೇರಿ ನಡುಕೀಲು ರೂಪುಗೊಂಡಿದೆ.

ಕೀಲಿನ ಮೇಲ್ಮೈ

ಎರಡು ಸಾಲುಗಳು ಸಂಧಿಸುವ ಗೆರೆಯು ನೇರವಾಗಿಲ್ಲ. ಅದು ಹಾವಿನ ಹರಿದಾಟದಂತೆ ಎರಡು ಬಳುಕುಗಳನ್ನು ಹೊಂದಿದೆ. ಇದರಿಂದಾಗಿ ಕೀಲಿನಲ್ಲಿ ಸ್ವಭಾವದಲ್ಲಿ ಭಿನ್ನವಾದ ಎರಡು ಭಾಗಗಳು ಉಂಟಾಗಿವೆ.

ಮಧ್ಯದಲ್ಲಿಯೂ ಕಿರುಬೆರಳಿನ ಪಕ್ಕದಲ್ಲಿಯೂ ಕ್ಯಾಪಿಟೇಟ್‌ನ ದುಂಡಾದ ತಲೆ ಮತ್ತು ಹ್ಯಾಮೇಟ್‌ನ ತುದಿ ಮೇಲಕ್ಕೆ ಉಬ್ಬಿ ನಿಂತಿವೆ. ಸ್ಕೇಫಾಯ್ಡ್, ಲೂನೇಟ್ ಮತ್ತು ಟ್ರೈಕ್ವೆಟ್ರಮ್ ಸೇರಿ ಅವುಗಳಿಗೆ ತಕ್ಕ ಬಟ್ಟಲಿನಾಕಾರದ ತಗ್ಗನ್ನು ಒದಗಿಸುತ್ತವೆ. ಒರಳಿನ ಗುಳಿಯಲ್ಲಿ ಗುಂಡುಕಲ್ಲು ಕುಳಿತಂತೆ ಕ್ಯಾಪಿಟೇಟ್‌ನ ತಲೆ ಈ ತಗ್ಗಿನಲ್ಲಿ ಕುಳಿತಿರುತ್ತದೆ. ಕೀಲಿನ ಹೆಚ್ಚಿನ ಚಲನೆ ನಡೆಯುವುದು ಇಲ್ಲಿಯೇ.

ಹೆಬ್ಬೆರಳಿನ ಪಕ್ಕದಲ್ಲಿ ಈ ಸಂಬಂಧ ತಿರುಗುಮುರುಗಾಗುತ್ತದೆ. ಅಲ್ಲಿ ಉಬ್ಬಿರುವುದು ಸ್ಕೇಫಾಯ್ಡ್‌ನ ಕೆಳತುದಿ. ಅದರ ಮೇಲೆ ಜಾರುವ, ತುಸು ತಗ್ಗಾದ ಮೇಲ್ಮೈ ಟ್ರೆಪೀಜಿಯಂ ಮತ್ತು ಟ್ರೆಪೀಜಾಯ್ಡ್‌ಗಳದು. ಒಂದೇ ಸ್ಕೇಫಾಯ್ಡ್ ಒಂದು ಬದಿಯಲ್ಲಿ ಬಟ್ಟಲಾಗಿಯೂ ಇನ್ನೊಂದು ತುದಿಯಲ್ಲಿ ಗುಂಡಾಗಿಯೂ ವರ್ತಿಸುವುದು ಈ ಕೀಲಿನ ವಿಶೇಷ.

ಲೂನೇಟ್ ಮೂಳೆಯ ಆಕಾರವು ಎಲ್ಲರಲ್ಲಿಯೂ ಒಂದೇ ಬಗೆಯಾಗಿರುವುದಿಲ್ಲ. ಅಮೆರಿಕದ ಕೈ ಶಸ್ತ್ರಚಿಕಿತ್ಸಕ ಸ್ಟೀವನ್ ವಿಯೆಗಾಸ್ 1990ರಲ್ಲಿ ಇದನ್ನು ಎರಡು ಬಗೆಗಳಾಗಿ ವಿಂಗಡಿಸಿದರು. ಮೊದಲ ಬಗೆಯ ಲೂನೇಟ್ ಕೆಳಭಾಗದಲ್ಲಿ ಕ್ಯಾಪಿಟೇಟ್‌ನೊಡನೆ ಮಾತ್ರ ಕೂಡಿಕೊಳ್ಳುತ್ತದೆ. ಎರಡನೆಯ ಬಗೆಯದು ಹ್ಯಾಮೇಟ್‌ನೊಡನೆಯೂ ಕೂಡುವ ಮತ್ತೊಂದು ಮೇಲ್ಮೈಯನ್ನು ಹೊಂದಿರುತ್ತದೆ. ಅವರು ಪರಿಶೀಲಿಸಿದ ಮಣಿಕಟ್ಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಎರಡನೆಯ ಬಗೆಯವು. ಈ ಬಗೆಯ ಮಣಿಕಟ್ಟುಗಳಲ್ಲಿ ಹ್ಯಾಮೇಟ್‌ನ ತುದಿಯ ಮೃದ್ವಸ್ಥಿ ಸವೆಯುವುದು ಹೆಚ್ಚಾಗಿ ಕಂಡುಬರುತ್ತದೆ.

ಕೀಲಿನ ಕುಹರ

ನಡುಕೀಲಿನ ಕುಹರವು ವಿಶಾಲವೂ ಅನಿಯತ ಆಕಾರದ್ದೂ ಆಗಿದೆ. ಅದರ ಕವಲುಗಳು ಮೇಲ್ಮುಖವಾಗಿ ಮೊದಲ ಸಾಲಿನ ಮೂಳೆಗಳ ನಡುವೆಯೂ ಕೆಳಮುಖವಾಗಿ ಎರಡನೆಯ ಸಾಲಿನ ಮೂಳೆಗಳ ನಡುವೆಯೂ ಚಾಚಿಕೊಂಡಿವೆ. ಕೆಳಮುಖದ ಕವಲುಗಳ ಮೂಲಕ ಇದು ಸಾಮಾನ್ಯವಾಗಿ ಅಂಗೈ ಮೂಳೆಗಳ ಬುಡದ ಕೀಲುಗಳೊಡನೆ ಸಂಪರ್ಕ ಹೊಂದಿರುತ್ತದೆ. ಹೆಬ್ಬೆರಳಿನ ಬುಡದ ಕೀಲು ಮಾತ್ರ ಪ್ರತ್ಯೇಕ.

ಮೇಲ್ಮುಖದ ಕವಲುಗಳನ್ನು ಸ್ಕೇಫಾಯ್ಡ್-ಲೂನೇಟ್ ಮತ್ತು ಲೂನೇಟ್-ಟ್ರೈಕ್ವೆಟ್ರಮ್ ನಡುವಣ ರಜ್ಜುಗಳು ಮುಚ್ಚಿರುತ್ತವೆ. ಆದ್ದರಿಂದ ಆರೋಗ್ಯವಂತ ಮಣಿಕಟ್ಟಿನಲ್ಲಿ ನಡುಕೀಲಿಗೂ ರೇಡಿಯೋಕಾರ್ಪಲ್ ಕೀಲಿಗೂ ಸಂಪರ್ಕವಿರುವುದಿಲ್ಲ. ಒಂದು ಕೀಲಿಗೆ ಚುಚ್ಚಿದ ವರ್ಣದ್ರವ್ಯವು ಇನ್ನೊಂದಕ್ಕೆ ಹರಿದರೆ ನಡುವಿನ ರಜ್ಜುವಿನಲ್ಲಿ ತೂತು ಅಥವಾ ಹರಿತ ಇದೆಯೆಂದು ತಿಳಿಯುತ್ತದೆ. ಕೀಲಿನ ವರ್ಣಚಿತ್ರಣ ಪರೀಕ್ಷೆಯ ತತ್ತ್ವ ಇದೇ. ವಯಸ್ಸಾದಂತೆ ಈ ರಜ್ಜುಗಳ ತೆಳುಭಾಗದಲ್ಲಿ ತೂತು ಬೀಳುವುದು ಉಂಟು. ಹಾಗಾಗಿ ವೃದ್ಧರಲ್ಲಿ ಇಂತಹ ಸೋರಿಕೆ ಕಂಡ ಮಾತ್ರಕ್ಕೆ ಅದನ್ನು ಗಾಯವೆಂದು ನಿರ್ಧರಿಸಲಾಗುವುದಿಲ್ಲ.

ಅಸ್ಥಿರಜ್ಜುಗಳು

ಎರಡನೆಯ ಸಾಲಿನ ನಾಲ್ಕು ಮೂಳೆಗಳು ಪರಸ್ಪರ ಬಹಳ ಬಿಗಿಯಾಗಿ ಬಂಧಿತವಾಗಿವೆ. ಅವು ಎರಡನೆಯ ಮತ್ತು ಮೂರನೆಯ ಅಂಗೈ ಮೂಳೆಗಳೊಡನೆ ಸೇರಿ ಹೆಚ್ಚುಕಡಿಮೆ ಒಂದೇ ಗಟ್ಟಿ ತುಂಡಿನಂತೆ ಚಲಿಸುತ್ತವೆ. ಮೊದಲ ಸಾಲಿನ ಮೂಳೆಗಳ ನಡುವಣ ಬಂಧ ಇಷ್ಟು ಬಿಗಿಯಲ್ಲ. ಅಲ್ಲಿ ಪ್ರತಿಯೊಂದು ಮೂಳೆಗೂ ಸ್ವಲ್ಪಮಟ್ಟಿಗೆ ಸ್ವಂತ ಚಲನೆಗೆ ಅವಕಾಶವಿದೆ.

ನಡುಕೀಲನ್ನು ದಾಟುವ ಪ್ರಬಲ ರಜ್ಜುಗಳು ಹೆಚ್ಚಾಗಿ ಅಂಗೈ ಬದಿಯಲ್ಲಿವೆ. ಅಲ್ಲಿ ರೇಡಿಯಸ್‌ನಿಂದ ಸ್ಕೇಫಾಯ್ಡ್‌ನ ನಡುವನ್ನು ಬಳಸಿಕೊಂಡು ಕ್ಯಾಪಿಟೇಟ್‌ಗೆ ಬರುವ ರಜ್ಜು ಒಂದು ಕಡೆ, ಟ್ರೈಕ್ವೆಟ್ರಮ್‌ನಿಂದ ಹ್ಯಾಮೇಟ್ ಮತ್ತು ಕ್ಯಾಪಿಟೇಟ್‌ಗಳಿಗೆ ಬರುವ ರಜ್ಜುಗಳು ಇನ್ನೊಂದು ಕಡೆ ಇದ್ದು, ಎರಡೂ ಕೂಡಿ ಕಮಾನಿನ ಆಕಾರ ತಾಳುತ್ತವೆ. ಕಮಾನಿನ ಮೇಲುಗಡೆ, ಲೂನೇಟ್ ಮತ್ತು ಕ್ಯಾಪಿಟೇಟ್ ಸಂಧಿಸುವ ಜಾಗದಲ್ಲಿ, ರಜ್ಜುವಿನ ಬಲವಿಲ್ಲದ ಎಡೆಯೊಂದಿದೆ. ಫ್ರೆಂಚ್ ಅಂಗರಚನಾಶಾಸ್ತ್ರಜ್ಞ ಪಾಲ್ ಪ್ವಾರಿಯೆ ಅವರ ಹೆಸರಿನಿಂದ ಇದನ್ನು 'ಪ್ವಾರಿಯೆ ಎಡೆ' ಎಂದು ಕರೆಯುತ್ತಾರೆ. ತೀವ್ರ ಅಪಘಾತಗಳಲ್ಲಿ ಮೂಳೆಗಳು ಸ್ಥಾನ ತಪ್ಪುವುದು ಈ ದುರ್ಬಲ ಜಾಗದ ಮೂಲಕವೇ. ಕೈಯ ಹಿಂಬದಿಯಲ್ಲಿ ಟ್ರೈಕ್ವೆಟ್ರಮ್‌ನಿಂದ ಸ್ಕೇಫಾಯ್ಡ್‌ವರೆಗೆ ಅಡ್ಡಲಾಗಿ ಹಬ್ಬಿರುವ ರಜ್ಜುವು ಕ್ಯಾಪಿಟೇಟ್‌ನ ತಲೆಗೆ ಹಿಂದಿನಿಂದ ತಡೆಯೊಡ್ಡುತ್ತದೆ.

ರಕ್ತ ಪೂರೈಕೆ ಮತ್ತು ನರಗಳು

ರೇಡಿಯಲ್ ಮತ್ತು ಅಲ್ನಾರ್ ಅಪಧಮನಿಗಳ ಶಾಖೆಗಳು ಮಣಿಕಟ್ಟಿನ ಮುಂದೆ ಹಾಗೂ ಹಿಂದೆ ಕಮಾನುಗಳಾಗಿ ಕೂಡಿಕೊಂಡು ಕೀಲಿಗೆ ರಕ್ತವನ್ನು ಒದಗಿಸುತ್ತವೆ. ಮೀಡಿಯನ್, ರೇಡಿಯಲ್ ಮತ್ತು ಅಲ್ನಾರ್ ನರಗಳ ಶಾಖೆಗಳು ಕೀಲನ್ನು ತಲುಪುತ್ತವೆ.

ಚಲನೆ

ಸ್ನಾಯುವಿಲ್ಲದ ಸಾಲು

ನಡುಕೀಲಿನ ಚಲನೆಯನ್ನು ಅರಿಯಲು ಒಂದು ಸಂಗತಿಯನ್ನು ಮುಖ್ಯವಾಗಿ ಗಮನಿಸಬೇಕು. ಪಿಸಿಫಾರ್ಮ್ ಅನ್ನು ಬಿಟ್ಟರೆ ಮೊದಲ ಸಾಲಿನ ಯಾವ ಮೂಳೆಗೂ ಮುಂದೋಳಿನ ಸ್ನಾಯುರಜ್ಜು ಅಂಟಿಕೊಂಡಿಲ್ಲ. ಮಣಿಕಟ್ಟನ್ನು ಆಡಿಸುವ ಸ್ನಾಯುಗಳು ಮೊದಲ ಸಾಲನ್ನು ದಾಟಿ ಅಂಗೈ ಮೂಳೆಗಳ ಬುಡವನ್ನು ಹಿಡಿದು ಎಳೆಯುತ್ತವೆ. ಆದ್ದರಿಂದ ಮೊದಲು ಎಳೆತಕ್ಕೆ ಸಿಗುವುದು ಎರಡನೆಯ ಸಾಲು. ಮೊದಲ ಸಾಲು ಮೂಳೆಗಳ ಒತ್ತಡ ಮತ್ತು ರಜ್ಜುಗಳ ಸೆಳೆತಕ್ಕೆ ಅನುಸಾರವಾಗಿ ತಾನೂ ಹೊರಳುತ್ತದೆ. ರೈಲುಗಾಡಿಯ ನಡುವಿನ ಡಬ್ಬಿಗೆ ಸ್ವಂತ ಎಂಜಿನ್ ಇಲ್ಲದಿದ್ದರೂ ಅದು ಮುಂದಿನ ಮತ್ತು ಹಿಂದಿನ ಡಬ್ಬಿಗಳ ಸೆಳೆತಕ್ಕೆ ತಕ್ಕಂತೆ ಚಲಿಸುವುದನ್ನು ಇದಕ್ಕೆ ಹೋಲಿಸಬಹುದು.

ಈ ನಡುವಿನ ಸಾಲು ಕುಸಿಯದೆ ನಿಲ್ಲಲು ಮೂರು ಮೂಳೆಗಳ ನಡುವಣ ಸಮತೋಲನವೇ ಕಾರಣ. ಒತ್ತಡ ಬಿದ್ದಾಗ ಓರೆಯಾಗಿ ನಿಂತಿರುವ ಸ್ಕೇಫಾಯ್ಡ್ ಅಂಗೈ ಕಡೆಗೆ ಬಾಗಲು ಯತ್ನಿಸುತ್ತದೆ. ಟ್ರೈಕ್ವೆಟ್ರಮ್ ಇದಕ್ಕೆ ವಿರುದ್ಧವಾಗಿ ಹಿಂದಕ್ಕೆ ಹೊರಳಲು ಯತ್ನಿಸುತ್ತದೆ. ಇವೆರಡರ ನಡುವೆ ಇರುವ ಲೂನೇಟ್ ಎರಡೂ ಕಡೆಯ ರಜ್ಜುಗಳ ಸೆಳೆತದಿಂದ ನೆಟ್ಟಗೆ ನಿಲ್ಲುತ್ತದೆ.

ಬಾಗುವಿಕೆ ಮತ್ತು ಹಿಂಬಾಗುವಿಕೆ

ಸಾಮಾನ್ಯ ಮಣಿಕಟ್ಟು ಅಂಗೈ ಕಡೆಗೆ ಸುಮಾರು 80 ಡಿಗ್ರಿ, ಹಿಂದಕ್ಕೆ ಸುಮಾರು 70 ಡಿಗ್ರಿ ಬಾಗುತ್ತದೆ. ಈ ಚಲನೆಯಲ್ಲಿ ರೇಡಿಯೋಕಾರ್ಪಲ್ ಕೀಲು ಮತ್ತು ನಡುಕೀಲು ಎರಡೂ ಗಣನೀಯ ಪಾಲು ಹೊಂದಿವೆ. ಯಾವ ಮೂಳೆಯನ್ನು ಆಧಾರವಾಗಿಟ್ಟುಕೊಂಡು ಅಳೆಯಲಾಯಿತು ಎಂಬುದನ್ನು ಅನುಸರಿಸಿ ಈ ಪಾಲು ಬೇರೆ ಬೇರೆ ಗ್ರಂಥಗಳಲ್ಲಿ ಬೇರೆ ಬೇರೆಯಾಗಿ ದಾಖಲಾಗಿದೆ. ಲೂನೇಟ್ ಮತ್ತು ಕ್ಯಾಪಿಟೇಟ್‌ಗಳ ನಡುವೆ ಅಳೆದರೆ ನಡುಕೀಲಿನ ಪಾಲು ಹೆಚ್ಚಾಗಿ ಕಾಣುತ್ತದೆ. ಎರಡನೆಯ ಸಾಲನ್ನು ಹೆಚ್ಚು ನಿಕಟವಾಗಿ ಹಿಂಬಾಲಿಸುವ ಸ್ಕೇಫಾಯ್ಡ್‌ನಿಂದ ಅಳೆದರೆ ಕಡಿಮೆಯಾಗಿ ಕಾಣುತ್ತದೆ.

ಪಕ್ಕಕ್ಕೆ ವಾಲುವಿಕೆ

ಕೈಯು ಹೆಬ್ಬೆರಳಿನ ಕಡೆಗೆ ಸುಮಾರು 20 ಡಿಗ್ರಿ, ಕಿರುಬೆರಳಿನ ಕಡೆಗೆ ಸುಮಾರು 30 ಡಿಗ್ರಿ ವಾಲುತ್ತದೆ. ಹೆಬ್ಬೆರಳಿನ ಕಡೆಗೆ ವಾಲಿದಾಗ ಟ್ರೆಪೀಜಿಯಂ ಮತ್ತು ಟ್ರೆಪೀಜಾಯ್ಡ್ ಮೂಳೆಗಳು ರೇಡಿಯಸ್‌ನ ಹತ್ತಿರ ಬರುತ್ತವೆ. ನಡುವಿನ ಜಾಗ ಕಿರಿದಾಗುವುದರಿಂದ ಸ್ಕೇಫಾಯ್ಡ್ ಅಂಗೈ ಕಡೆಗೆ ಬಾಗಿ ದಾರಿ ಮಾಡಿಕೊಡುತ್ತದೆ; ರಜ್ಜುಗಳ ಮೂಲಕ ಲೂನೇಟ್ ಮತ್ತು ಟ್ರೈಕ್ವೆಟ್ರಮ್‌ಗಳನ್ನೂ ತನ್ನೊಡನೆ ಬಾಗಿಸುತ್ತದೆ. ಕಿರುಬೆರಳಿನ ಕಡೆಗೆ ವಾಲಿದಾಗ ಹ್ಯಾಮೇಟ್ ಮೂಳೆಯು ಟ್ರೈಕ್ವೆಟ್ರಮ್‌ನ ತಿರುಚಿದ ಮೇಲ್ಮೈಯ ಮೇಲೆ ಜಾರಿ ಅದನ್ನು ಹಿಂದಕ್ಕೆ ಹೊರಳಿಸುತ್ತದೆ. ಇಡೀ ಮೊದಲ ಸಾಲು ಅದನ್ನು ಅನುಸರಿಸುತ್ತದೆ.

ಹೀಗೆ ಕೈ ಪಕ್ಕಕ್ಕೆ ವಾಲುವಾಗ ಒಳಗಿನ ಮೂಳೆಗಳು ಮುಂದಕ್ಕೂ ಹಿಂದಕ್ಕೂ ಹೊರಳುತ್ತವೆ. ಇದನ್ನು ಎಕ್ಸ್-ರೇ ಚಿತ್ರದಲ್ಲಿ ಸುಲಭವಾಗಿ ಗುರುತಿಸಬಹುದು. ಹೆಬ್ಬೆರಳಿನ ಕಡೆಗೆ ವಾಲಿದಾಗ ಸ್ಕೇಫಾಯ್ಡ್ ಗಿಡ್ಡವಾಗಿ, ತುದಿಯಲ್ಲಿ ಉಂಗುರವಿರುವಂತೆ ಕಾಣುತ್ತದೆ. ಕಿರುಬೆರಳಿನ ಕಡೆಗೆ ವಾಲಿದಾಗ ನೀಳವಾಗಿ ಕಾಣುತ್ತದೆ. ಸ್ಕೇಫಾಯ್ಡ್ ಮುರಿತದ ಶಂಕೆಯಿದ್ದಾಗ ರೋಗಿಯ ಕೈಯನ್ನು ಕಿರುಬೆರಳಿನ ಕಡೆಗೆ ವಾಲಿಸಿ ಚಿತ್ರ ತೆಗೆಯುವುದು ಇದೇ ಕಾರಣದಿಂದ.

ಓರೆ ಚಲನೆ

ನಿತ್ಯದ ಕೆಲಸಗಳಲ್ಲಿ ಮಣಿಕಟ್ಟು ಶುದ್ಧವಾಗಿ ಹಿಂದೆ-ಮುಂದೆ ಅಥವಾ ಶುದ್ಧವಾಗಿ ಪಕ್ಕಕ್ಕೆ ಚಲಿಸುವುದು ಕಡಿಮೆ. ಸುತ್ತಿಗೆಯನ್ನು ಎತ್ತಿದಾಗ ಕೈಯು ಹಿಂದಕ್ಕೂ ಹೆಬ್ಬೆರಳಿನ ಕಡೆಗೂ ಏಕಕಾಲದಲ್ಲಿ ಸರಿಯುತ್ತದೆ. ಹೊಡೆದಾಗ ಮುಂದಕ್ಕೂ ಕಿರುಬೆರಳಿನ ಕಡೆಗೂ ಸಾಗುತ್ತದೆ. ಕಿರುಬಾಣವನ್ನು ಗುರಿಯತ್ತ ಎಸೆಯುವ ಡಾರ್ಟ್ ಆಟದ ಕೈಚಲನೆಯೂ ಇದೇ ಆದುದರಿಂದ ವೈದ್ಯಕೀಯ ಬರೆವಣಿಗೆಯಲ್ಲಿ ಇದಕ್ಕೆ 'ಡಾರ್ಟ್ ಎಸೆತದ ಚಲನೆ' ಎಂಬ ಹೆಸರು ನೆಲೆಗೊಂಡಿದೆ. ಕೊಡಲಿ ಬೀಸುವುದು, ಹೂಜಿಯಿಂದ ನೀರು ಸುರಿಯುವುದು, ಚೆಂಡನ್ನು ಎಸೆಯುವುದು ಇವೆಲ್ಲ ಈ ಬಗೆಯವೇ.

ಸಿ.ಟಿ. ಚಿತ್ರಣದ ನೆರವಿನಿಂದ ನಡೆದ ಮೂರು ಆಯಾಮದ ಅಧ್ಯಯನಗಳು ಈ ಓರೆ ಚಲನೆಯಲ್ಲಿ ಮೊದಲ ಸಾಲು ಬಹುಮಟ್ಟಿಗೆ ನಿಶ್ಚಲವಾಗಿರುವುದನ್ನು ತೋರಿಸಿವೆ. ಹಿಂದಕ್ಕೆ ಬಾಗುವುದರಿಂದ ಮೊದಲ ಸಾಲಿಗೆ ಬರುವ ಸೆಳೆತವನ್ನು ಹೆಬ್ಬೆರಳಿನ ಕಡೆಗೆ ವಾಲುವುದರಿಂದ ಬರುವ ವಿರುದ್ಧ ಸೆಳೆತವು ಸರಿದೂಗಿಸುತ್ತದೆ. ಪರಿಣಾಮವಾಗಿ ಚಲನೆಯ ಹೆಚ್ಚಿನ ಭಾಗ ನಡುಕೀಲಿನಲ್ಲಿಯೇ ನಡೆಯುತ್ತದೆ. ಮಣಿಕಟ್ಟಿನ ಬಲಿಷ್ಠ ಸ್ನಾಯುಗಳಲ್ಲಿ ಎರಡು, ಹಿಂಬದಿಯ ಎಕ್ಸ್‌ಟೆನ್ಸರ್ ಕಾರ್ಪಿ ರೇಡಿಯಾಲಿಸ್ ಲಾಂಗಸ್ ಮತ್ತು ಮುಂಬದಿಯ ಫ್ಲೆಕ್ಸರ್ ಕಾರ್ಪಿ ಅಲ್ನಾರಿಸ್, ಇದೇ ಓರೆ ದಿಕ್ಕಿನ ಎರಡು ತುದಿಗಳತ್ತ ಎಳೆಯುತ್ತವೆ.

ಅಧ್ಯಯನದ ಇತಿಹಾಸ

ಆಂಡ್ರಿಯಾಸ್ ವೆಸಾಲಿಯಸ್ 1543ರಲ್ಲಿ ಪ್ರಕಟಿಸಿದ ಅಂಗರಚನಾ ಗ್ರಂಥದಲ್ಲಿ ಮಣಿಕಟ್ಟಿನ ಮೂಳೆಗಳನ್ನು ಹೆಸರಿನ ಬದಲು ಸಂಖ್ಯೆಗಳಿಂದ ಸೂಚಿಸಿದ್ದನು. ಶವಚ್ಛೇದನದಿಂದ ಮೂಳೆಗಳ ಆಕಾರ ತಿಳಿಯುತ್ತಿತ್ತಾದರೂ ಜೀವಂತ ಕೈಯಲ್ಲಿ ಅವು ಹೇಗೆ ಚಲಿಸುತ್ತವೆ ಎಂಬುದನ್ನು ಕಾಣುವ ಮಾರ್ಗವಿರಲಿಲ್ಲ. 1895ರಲ್ಲಿ ವಿಲ್ಹೆಲ್ಮ್ ರಾಂಟ್‌ಜೆನ್ ಎಕ್ಸ್-ಕಿರಣಗಳನ್ನು ಕಂಡುಹಿಡಿದ ಮೇಲೆ ಈ ಅಡಚಣೆ ನೀಗಿತು. ಮರುವರ್ಷವೇ, 1896ರಲ್ಲಿ, ಸ್ಕಾಟ್ಲೆಂಡಿನ ಅಂಗರಚನಾಶಾಸ್ತ್ರಜ್ಞ ಥಾಮಸ್ ಬ್ರೈಸ್ ಜೀವಂತ ಕೈಯ ಎಕ್ಸ್-ರೇ ಚಿತ್ರಗಳ ಆಧಾರದಿಂದ ಮಣಿಕಟ್ಟಿನ ಚಲನೆಯನ್ನು ವಿವರಿಸಿದರು.

20ನೆಯ ಶತಮಾನದಲ್ಲಿ ಎರಡು ವಿಚಾರಧಾರೆಗಳು ಬೆಳೆದುಬಂದವು. ಒಂದು, ಮೂಳೆಗಳು ಎರಡು ಅಡ್ಡಸಾಲುಗಳಾಗಿ ಚಲಿಸುತ್ತವೆ ಎನ್ನುವುದು. ಇನ್ನೊಂದು, ಅವು ಮೂರು ನಿಲುವುಗಂಬಗಳಾಗಿ ವರ್ತಿಸುತ್ತವೆ ಎನ್ನುವುದು. ಎರಡನೆಯ ವಿಚಾರವನ್ನು ಮಂಡಿಸಿದವರು ಉರುಗ್ವೆಯ ಶಸ್ತ್ರಚಿಕಿತ್ಸಕ ಆಲ್ಫ್ರೆಡೊ ನವಾರೊ. 1976ರಲ್ಲಿ ಹೂಲಿಯೊ ಟಾಲೈಸ್ನಿಕ್ ಅದನ್ನು ಪರಿಷ್ಕರಿಸಿದರು. 1943ರಲ್ಲಿ ಗಿಲ್‌ಫರ್ಡ್, ಬೋಲ್ಟನ್ ಮತ್ತು ಲ್ಯಾಂಬ್ರಿನುಡಿ ಅವರು ಮಣಿಕಟ್ಟನ್ನು ಕೊಂಡಿಗಳ ಸರಪಳಿಗೆ ಹೋಲಿಸಿ, ಎರಡು ಸಾಲುಗಳಿಗೂ ಸೇತುವೆಯಾಗಿ ನಿಂತ ಸ್ಕೇಫಾಯ್ಡ್ ಆ ಸರಪಳಿ ಮಡಚಿಕೊಳ್ಳದಂತೆ ತಡೆಯುತ್ತದೆಯೆಂದು ತೋರಿಸಿದರು. 1972ರಲ್ಲಿ ರೊನಾಲ್ಡ್ ಲಿನ್‌ಶೈಡ್, ಜೇಮ್ಸ್ ಡಾಬಿನ್ಸ್ ಮತ್ತು ಸಂಗಡಿಗರು ಈ ತಿಳಿವಳಿಕೆಯನ್ನು ರೋಗಪತ್ತೆಗೆ ಅಳವಡಿಸಿದರು. ಯಾವ ಸಾಲು ಹೇಗೆ ನಡೆಯುತ್ತದೆ ಎಂಬ ಚರ್ಚೆ ಶಾಸ್ತ್ರದ ಮಟ್ಟದಿಂದ ಚಿಕಿತ್ಸೆಯ ಮಟ್ಟಕ್ಕೆ ಬಂದದ್ದು ಇಲ್ಲಿಂದ.

ವಿಕಾಸ

ಹಲವು ವಾನರ ಜಾತಿಗಳಲ್ಲಿ ಎರಡು ಸಾಲುಗಳ ನಡುವೆ ಸೆಂಟ್ರೇಲ್ ಎಂಬ ಇನ್ನೊಂದು ಮೂಳೆಯಿದೆ. ಮಾನವ, ಚಿಂಪಾಂಜಿ ಮತ್ತು ಗೊರಿಲ್ಲಾಗಳಲ್ಲಿ ಅದು ಸ್ಕೇಫಾಯ್ಡ್‌ನೊಡನೆ ಬೆಸೆದುಕೊಂಡಿದೆ. ಇಂಡೋನೇಷ್ಯಾದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ದೊರೆತ ಹೋಮೊ ಫ್ಲೋರೆಸಿಯೆನ್ಸಿಸ್ ಅಸ್ಥಿಪಂಜರದ ಸ್ಕೇಫಾಯ್ಡ್, ಟ್ರೆಪೀಜಾಯ್ಡ್ ಮತ್ತು ಕ್ಯಾಪಿಟೇಟ್‌ಗಳನ್ನು 2007ರಲ್ಲಿ ಪರಿಶೀಲಿಸಿದಾಗ ಅವು ಆಧುನಿಕ ಮಾನವನವಕ್ಕಿಂತ ಆಫ್ರಿಕಾದ ವಾನರಗಳವನ್ನು ಹೆಚ್ಚಾಗಿ ಹೋಲುವುದು ಕಂಡುಬಂತು. ಆ ಜೀವಿಯು ರೋಗಪೀಡಿತ ಆಧುನಿಕ ಮಾನವನಲ್ಲ, ಪ್ರತ್ಯೇಕ ಜಾತಿ ಎಂಬ ವಾದಕ್ಕೆ ಮಣಿಕಟ್ಟಿನ ಮೂಳೆಗಳೇ ಬಲ ನೀಡಿದವು. ಎಸೆಯುವ ಮತ್ತು ಹೊಡೆಯುವ ಕೆಲಸಗಳಿಗೆ ಅನುಕೂಲವಾದ ಓರೆ ಚಲನೆಯು ಮಾನವನ ಉಪಕರಣ ಬಳಕೆಯ ಬೆಳವಣಿಗೆಗೆ ನೆರವಾಗಿರಬಹುದೆಂದು ಕೆಲವು ಸಂಶೋಧಕರು ಅಭಿಪ್ರಾಯಪಟ್ಟಿದ್ದಾರೆ.

ವೈದ್ಯಕೀಯ ಮಹತ್ವ

ಸ್ಕೇಫಾಯ್ಡ್ ಮುರಿತ

ಎರಡೂ ಸಾಲುಗಳಿಗೆ ಸೇತುವೆಯಾಗಿರುವುದರಿಂದ ಕೈಯೂರಿ ಬಿದ್ದಾಗ ಹೆಚ್ಚಿನ ಪೆಟ್ಟು ಸ್ಕೇಫಾಯ್ಡ್‌ಗೆ ತಗಲುತ್ತದೆ. ಮಣಿಕಟ್ಟಿನ ಮೂಳೆಗಳಲ್ಲಿ ಅತಿ ಹೆಚ್ಚಾಗಿ ಮುರಿಯುವುದು ಇದೇ. ಯುವಕರಲ್ಲಿ ಇದು ಹೆಚ್ಚು. ಊತ ಮತ್ತು ನೋವು ಅಲ್ಪವಾಗಿರಬಹುದಾದ ಕಾರಣ ಇದನ್ನು ಉಳುಕು ಎಂದು ಭಾವಿಸುವ ಸಂಭವವಿದೆ. ಆರಂಭದ ಎಕ್ಸ್-ರೇ ಚಿತ್ರದಲ್ಲಿ ಮುರಿತ ಕಾಣದೆಯೂ ಇರಬಹುದು. ಹೆಬ್ಬೆರಳನ್ನು ಚಾಚಿದಾಗ ಅದರ ಬುಡದಲ್ಲಿ ಎರಡು ಸ್ನಾಯುರಜ್ಜುಗಳ ನಡುವೆ ಮೂಡುವ ಗುಳಿಯನ್ನು ಒತ್ತಿದಾಗ ನೋವಾದರೆ ಸ್ಕೇಫಾಯ್ಡ್ ಮುರಿತವನ್ನು ಶಂಕಿಸಲಾಗುತ್ತದೆ. ಅಂತಹ ಸಂದರ್ಭದಲ್ಲಿ ಕೈಗೆ ಪಟ್ಟಿ ಹಾಕಿ 10ರಿಂದ 14 ದಿನಗಳ ನಂತರ ಮತ್ತೆ ಚಿತ್ರ ತೆಗೆಯುವುದು ಅಥವಾ ಎಂ.ಆರ್.ಐ. ಪರೀಕ್ಷೆ ಮಾಡಿಸುವುದು ರೂಢಿ.

ಈ ಎಚ್ಚರಿಕೆಗೆ ಕಾರಣ ಸ್ಕೇಫಾಯ್ಡ್‌ನ ರಕ್ತ ಪೂರೈಕೆ. ರಕ್ತನಾಳಗಳು ಮುಖ್ಯವಾಗಿ ಮೂಳೆಯ ನಡು ಮತ್ತು ಬೆರಳುಗಳ ಕಡೆಯ ಭಾಗವನ್ನು ಪ್ರವೇಶಿಸಿ ಅಲ್ಲಿಂದ ಮುಂದೋಳಿನ ಕಡೆಯ ತುದಿಗೆ ಹಿಮ್ಮುಖವಾಗಿ ಸಾಗುತ್ತವೆ. ನಡುವೆ ಮುರಿದರೆ ಆ ತುದಿಗೆ ರಕ್ತ ನಿಲ್ಲುತ್ತದೆ. ಮೂಳೆ ಕೂಡಿಕೊಳ್ಳದೆ ಹೋಗಬಹುದು ಅಥವಾ ಆ ತುಂಡು ನಿರ್ಜೀವವಾಗಬಹುದು.

ರಜ್ಜುಗಳ ಹರಿತ ಮತ್ತು ಕುಸಿತ

ಸ್ಕೇಫಾಯ್ಡ್ ಮತ್ತು ಲೂನೇಟ್‌ಗಳ ನಡುವಣ ರಜ್ಜು ಹರಿದರೆ ಮೇಲೆ ಹೇಳಿದ ಸಮತೋಲನ ಕೆಡುತ್ತದೆ. ಸ್ಕೇಫಾಯ್ಡ್ ಅಂಗೈ ಕಡೆಗೆ ಬಾಗುತ್ತದೆ. ಟ್ರೈಕ್ವೆಟ್ರಮ್‌ನ ಸೆಳೆತಕ್ಕೆ ಮಾತ್ರ ಒಳಗಾದ ಲೂನೇಟ್ ಹಿಂದಕ್ಕೆ ಹೊರಳುತ್ತದೆ. ಲೂನೇಟ್-ಟ್ರೈಕ್ವೆಟ್ರಮ್ ನಡುವಣ ರಜ್ಜು ಹರಿದಾಗ ಲೂನೇಟ್ ಇದಕ್ಕೆ ವಿರುದ್ಧವಾಗಿ ಅಂಗೈ ಕಡೆಗೆ ಬಾಗುವ ಪ್ರವೃತ್ತಿ ತೋರುತ್ತದೆ. ಲಿನ್‌ಶೈಡ್ ಮತ್ತು ಸಂಗಡಿಗರು 1972ರಲ್ಲಿ ಹೆಸರಿಸಿದ ಎರಡು ಮುಖ್ಯ ಅಸ್ಥಿರತೆಗಳು ಇವೇ.

ಕೂಡದ ಮುರಿತವಾಗಲಿ, ಹರಿದ ರಜ್ಜುವಾಗಲಿ, ಚಿಕಿತ್ಸೆಯಿಲ್ಲದೆ ಮುಂದುವರಿದರೆ ಸವೆತವು ಒಂದು ನಿಶ್ಚಿತ ಕ್ರಮದಲ್ಲಿ ಹರಡುತ್ತದೆ. ಮೊದಲು ರೇಡಿಯಸ್‌ನ ತುದಿ ಮತ್ತು ಸ್ಕೇಫಾಯ್ಡ್‌ಗಳ ನಡುವೆ ಮೃದ್ವಸ್ಥಿ ಸವೆಯುತ್ತದೆ. ಕೊನೆಗೆ ಕ್ಯಾಪಿಟೇಟ್‌ನ ತಲೆ ಮುಂದೋಳಿನ ಕಡೆಗೆ ಸರಿದು ನಡುಕೀಲೇ ಹಾಳಾಗುತ್ತದೆ. 1984ರಲ್ಲಿ ಕರ್ಕ್ ವಾಟ್ಸನ್ ಮತ್ತು ಫ್ರೆಡರಿಕ್ ಬ್ಯಾಲೆಟ್ ಸುಮಾರು 4,000 ಎಕ್ಸ್-ರೇ ಚಿತ್ರಗಳನ್ನು ಪರಿಶೀಲಿಸಿ ರಜ್ಜು ಹರಿತದಿಂದ ಉಂಟಾಗುವ ಈ ಕ್ರಮವನ್ನು ವಿವರಿಸಿದರು. ರೇಡಿಯಸ್ ಮತ್ತು ಲೂನೇಟ್‌ಗಳ ನಡುವಣ ಕೀಲು ಮಾತ್ರ ಸಾಮಾನ್ಯವಾಗಿ ಸವೆತದಿಂದ ಪಾರಾಗಿ ಉಳಿಯುತ್ತದೆ.

ಸ್ಥಾನಪಲ್ಲಟ

ಎತ್ತರದಿಂದ ಬೀಳುವುದು, ವಾಹನ ಅಪಘಾತ ಮುಂತಾದ ತೀವ್ರ ಆಘಾತಗಳಲ್ಲಿ ಕ್ಯಾಪಿಟೇಟ್ ಲೂನೇಟ್‌ನ ಬಟ್ಟಲಿನಿಂದ ಹಿಂದಕ್ಕೆ ಜಾರಬಹುದು, ಅಥವಾ ಲೂನೇಟ್ ತಾನೇ ಅಂಗೈ ಕಡೆಗೆ ಹೊರಬಿದ್ದು ಮೀಡಿಯನ್ ನರವನ್ನು ಒತ್ತಬಹುದು. ಇಂತಹ ಗಾಯವೂ ಮೊದಲ ಪರೀಕ್ಷೆಯಲ್ಲಿ ತಪ್ಪಿಹೋಗುವುದುಂಟು. 1993ರಲ್ಲಿ ಪ್ರಕಟವಾದ, 166 ಪ್ರಕರಣಗಳನ್ನು ಒಳಗೊಂಡ ಅಧ್ಯಯನವೊಂದರಲ್ಲಿ ಸುಮಾರು ಕಾಲುಭಾಗದಷ್ಟು ಪ್ರಕರಣಗಳು ಆರಂಭದಲ್ಲಿ ಪತ್ತೆಯಾಗಿರಲಿಲ್ಲ.

ಪತ್ತೆಗೆ ಸರಳ ಉಪಾಯವೊಂದನ್ನು ಲೂಯಿಸ್ ಗಿಲುಲಾ 1979ರಲ್ಲಿ ಸೂಚಿಸಿದರು. ಮುಂಭಾಗದ ಎಕ್ಸ್-ರೇ ಚಿತ್ರದಲ್ಲಿ ಮೊದಲ ಸಾಲಿನ ಮೇಲಂಚು, ಅದೇ ಸಾಲಿನ ಕೆಳಂಚು, ಹಾಗೂ ಕ್ಯಾಪಿಟೇಟ್ ಮತ್ತು ಹ್ಯಾಮೇಟ್‌ಗಳ ಮೇಲಂಚು ಇವು ಮೂರು ನಯವಾದ ಕಮಾನುಗೆರೆಗಳಾಗಿ ಕಾಣಬೇಕು. ಎರಡನೆಯ ಮತ್ತು ಮೂರನೆಯ ಗೆರೆಗಳು ನಡುಕೀಲಿನ ಎರಡು ದಡಗಳು. ಯಾವುದೇ ಗೆರೆ ಮುರಿದಂತೆ ಕಂಡರೆ ಆ ಜಾಗದಲ್ಲಿ ರಜ್ಜು ಹರಿದಿರುವ ಅಥವಾ ಮೂಳೆ ಸರಿದಿರುವ ಸಾಧ್ಯತೆಯಿದೆ. ಪಕ್ಕದ ಚಿತ್ರದಲ್ಲಿ ರೇಡಿಯಸ್, ಲೂನೇಟ್ ಮತ್ತು ಕ್ಯಾಪಿಟೇಟ್‌ಗಳು ಒಂದರ ಮೇಲೊಂದಿಟ್ಟ ಬಟ್ಟಲುಗಳಂತೆ ಸುಮಾರಾಗಿ ಒಂದೇ ಸಾಲಿನಲ್ಲಿರಬೇಕು.

ಚಿಕಿತ್ಸೆ

ಹೊಸ ಗಾಯಗಳಲ್ಲಿ ಮೂಳೆಯನ್ನು ಸ್ವಸ್ಥಾನಕ್ಕೆ ತಂದು ಪಟ್ಟಿ, ತಂತಿ ಅಥವಾ ತಿರುಪಿನಿಂದ ಸ್ಥಿರಗೊಳಿಸಲಾಗುತ್ತದೆ. ಹರಿದ ರಜ್ಜುವನ್ನು ಹೊಲಿಯಲಾಗುತ್ತದೆ. ಸ್ಕೇಫಾಯ್ಡ್-ಲೂನೇಟ್ ರಜ್ಜುವಿನ ದುರಸ್ತಿಯ ನಂತರ ಕೆಲವು ತಜ್ಞರು ವ್ಯಾಯಾಮವನ್ನು ಓರೆ ಚಲನೆಯಿಂದ ಆರಂಭಿಸುತ್ತಾರೆ. ಆ ಚಲನೆಯಲ್ಲಿ ಮೊದಲ ಸಾಲು ಹೆಚ್ಚು ಅಲುಗುವುದಿಲ್ಲವಾದ್ದರಿಂದ ಮಾಯುತ್ತಿರುವ ರಜ್ಜುವಿಗೆ ಸೆಳೆತ ಕಡಿಮೆ.

ಸವೆತ ಮುಂದುವರಿದ ಮೇಲೆ ಎರಡು ಶಸ್ತ್ರಚಿಕಿತ್ಸೆಗಳು ಬಳಕೆಯಲ್ಲಿವೆ. ಒಂದರಲ್ಲಿ ಸ್ಕೇಫಾಯ್ಡ್ ಅನ್ನು ತೆಗೆದು ಲೂನೇಟ್, ಟ್ರೈಕ್ವೆಟ್ರಮ್, ಕ್ಯಾಪಿಟೇಟ್ ಮತ್ತು ಹ್ಯಾಮೇಟ್‌ಗಳನ್ನು ಬೆಸೆಯುತ್ತಾರೆ. ನಡುಕೀಲು ಇಲ್ಲವಾಗಿ ಉಳಿದ ಚಲನೆ ರೇಡಿಯಸ್ ಮತ್ತು ಲೂನೇಟ್‌ಗಳ ನಡುವೆ ನಡೆಯುತ್ತದೆ. ಇನ್ನೊಂದರಲ್ಲಿ ಮೊದಲ ಸಾಲಿನ ಮೂರು ಮೂಳೆಗಳನ್ನು ತೆಗೆದು ಕ್ಯಾಪಿಟೇಟ್‌ನ ತಲೆಯನ್ನು ನೇರವಾಗಿ ರೇಡಿಯಸ್‌ನ ಮೇಲೆ ಕೂರಿಸುತ್ತಾರೆ. ಕ್ಯಾಪಿಟೇಟ್‌ನ ಮೃದ್ವಸ್ಥಿ ಸುಸ್ಥಿತಿಯಲ್ಲಿದ್ದರೆ ಮಾತ್ರ ಇದು ಸೂಕ್ತ. ಎರಡರಲ್ಲಿಯೂ ಮಣಿಕಟ್ಟಿನ ಚಲನೆ ಸಹಜಕ್ಕಿಂತ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ 1985ರ ಅಧ್ಯಯನವೊಂದರ ಪ್ರಕಾರ ನಿತ್ಯದ ಬಹುತೇಕ ಕೆಲಸಗಳಿಗೆ ಹಿಂದಕ್ಕೆ 30 ಡಿಗ್ರಿ, ಮುಂದಕ್ಕೆ 5 ಡಿಗ್ರಿ, ಹೆಬ್ಬೆರಳಿನ ಕಡೆಗೆ 10 ಡಿಗ್ರಿ ಮತ್ತು ಕಿರುಬೆರಳಿನ ಕಡೆಗೆ 15 ಡಿಗ್ರಿ ಚಲನೆ ಸಾಕಾಗುತ್ತದೆ. ಆದ್ದರಿಂದ ನೋವು ನಿವಾರಣೆಯಾದ ಮೇಲೆ ಇಂತಹ ರೋಗಿಗಳಲ್ಲಿ ಅನೇಕರು ತಮ್ಮ ದಿನನಿತ್ಯದ ಕೆಲಸಗಳನ್ನು ಮಾಡಿಕೊಳ್ಳಬಲ್ಲರು.